ನಂದಿದ ಬೆಳಕಿನ ಪ್ರಾಮಾಣ್ಯ

ಕತ್ತಲೆಯು ತಾನೇ ಒಂದು ಪದಾರ್ಥವೋ, ಇಲ್ಲವೆ ಬೆಳಕು ಇಲ್ಲದಿರುವುದನ್ನೇ ಜನ ಕತ್ತಲೆ ಎಂದು ಕರೆಯುತ್ತಾರೋ ಎಂಬ ಪ್ರಶ್ನೆಯನ್ನು ಭಾರತೀಯ ದಾರ್ಶನಿಕರು ಶತಮಾನಗಳ ಕಾಲ ಬಿಡದೆ ಚರ್ಚಿಸಿದ್ದಾರೆ. ಕತ್ತಲೆಗೆ ಕಪ್ಪು ಬಣ್ಣವಿದೆ, ಅದು ಚಲಿಸುವುದೂ ಕಾಣುತ್ತದೆ, ಬಣ್ಣವೂ ಚಲನೆಯೂ ದ್ರವ್ಯಕ್ಕಲ್ಲದೆ ಬೇರೆಯದಕ್ಕೆ ಇರಲಾರವು, ಆದ್ದರಿಂದ ಕತ್ತಲೆಯೂ ದ್ರವ್ಯವೇ ಎಂದು ಕುಮಾರಿಲ ಭಟ್ಟನ ಮತವನ್ನು ಅನುಸರಿಸಿದ ಭಾಟ್ಟ ಮೀಮಾಂಸಕರು ವಾದಿಸಿದರು. ಬೆಳಕಿಗೆ ಅಡ್ಡವಾದ ವಸ್ತು ಸರಿದಾಗ ನೆರಳು ಸರಿದಂತೆ ತೋರುತ್ತದೆಯೇ ಹೊರತು ಕತ್ತಲೆಗೆ ಸ್ವಂತ ಚಲನೆಯಿಲ್ಲ, ಅದು ತೇಜಸ್ಸಿನ ಅಭಾವ ಮಾತ್ರ ಎಂದು ನ್ಯಾಯ ಮತ್ತು ವೈಶೇಷಿಕ ದರ್ಶನದವರು ಉತ್ತರಿಸಿದರು. ಶಬ್ದಜಾಲವೆಂದು ಹಲವರು ಬದಿಗಿರಿಸಿದ ಈ ವಿವಾದ ಇಂದು ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಮತ್ತೆ ಜೀವ ತಳೆದಿದೆ. ಹೊಳೆಯುವ ಇಂಗಾಲದ ಅತಿಸೂಕ್ಷ್ಮ ಕಣಗಳನ್ನು ನೀರಿಗೆ ಬೆರೆಸಿ, ಆ ಹೊಳಪು ಕುಂದಿದರೆ ನೀರಿನಲ್ಲಿ ಪಾದರಸವೋ ಕಬ್ಬಿಣವೋ ಇದೆಯೆಂದು ಹೇಳುವ ವಿಧಾನದಲ್ಲಿ ಸಾಕ್ಷಿ ನುಡಿಯುವುದು ಬೆಳಕಲ್ಲ, ಬೆಳಕಿನ ಅಭಾವ. ಆ ಸಾಕ್ಷ್ಯ ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬುದು ರಸಾಯನಶಾಸ್ತ್ರದ ಪ್ರಶ್ನೆಯಾಗಿರುವಂತೆಯೇ ಪ್ರಮಾಣಶಾಸ್ತ್ರದ, ಅಂದರೆ ಜ್ಞಾನವು ಯಾವ ಸಾಧನದಿಂದ ಹುಟ್ಟುತ್ತದೆ ಎಂಬುದನ್ನು ವಿಚಾರಿಸುವ ಶಾಸ್ತ್ರದ ಪ್ರಶ್ನೆಯೂ ಆಗಿದೆ.

ಈ ಎರಡೂ ವಿದ್ಯೆಗಳು ಒಂದೇ ಊರಿನಲ್ಲಿ ಬೆಳೆದ ಉದಾಹರಣೆ ಕೋಲ್ಕತ್ತ. ಬಂಗಾಳದ ನವದ್ವೀಪದಲ್ಲಿ ಬೆಳೆದ ನವ್ಯನ್ಯಾಯದ, ಅಂದರೆ ನ್ಯಾಯದರ್ಶನದ ಹೊಸ ಪರಂಪರೆಯ ಪಾಠ 1824ರಲ್ಲಿ ಸ್ಥಾಪನೆಯಾದ ಸಂಸ್ಕೃತ ಕಾಲೇಜಿನಲ್ಲಿ ಮುಂದುವರಿಯಿತು. ಅಲ್ಲಿಂದ ನಡೆದು ಹೋಗಬಹುದಾದ ದೂರದ ಬೌಬಜಾರ್ ಬೀದಿಯಲ್ಲಿ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಇಂಡಿಯನ್ ಅಸೋಸಿಯೇಷನ್ ಫಾರ್ ದ ಕಲ್ಟಿವೇಷನ್ ಆಫ್ ಸೈನ್ಸ್ ಸಂಸ್ಥೆಯನ್ನು ಕಟ್ಟಿದರು. ಸಂಸ್ಥೆ ಆಮೇಲೆ ಜಾದವಪುರಕ್ಕೆ ಸ್ಥಳಾಂತರಗೊಂಡಿತು. ಇಂಗಾಲದ ಹೊಳೆಯುವ ಕಣಗಳ ಕುರಿತು ಭಾರತದಲ್ಲಿ ನಡೆದ ಮೊದಮೊದಲ ಗಣನೀಯ ಕೆಲಸಗಳಲ್ಲಿ ಕೆಲವು ಈ ಸಂಸ್ಥೆಯವು.

ಇಂಗಾಲದ ಈ ಕಣಗಳು ಸಾಮಾನ್ಯವಾಗಿ 10 ನ್ಯಾನೋಮೀಟರಿಗಿಂತ ಚಿಕ್ಕವು. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರ ಒಂದು ಪಾಲು ನ್ಯಾನೋಮೀಟರು. 2004ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಇಂಗಾಲದ ನಾಳಗಳನ್ನು ಮಸಿಯಿಂದ ಬೇರ್ಪಡಿಸಿ ಶುದ್ಧೀಕರಿಸುತ್ತಿದ್ದಾಗ, ತಾವು ಹುಡುಕದೇ ಇದ್ದ ಈ ಹೊಳೆಯುವ ಅಂಶ ಅವರಿಗೆ ದೊರೆಯಿತು. 2006ರಲ್ಲಿ ಕ್ಲೆಮ್ಸನ್ ವಿಶ್ವವಿದ್ಯಾಲಯದ ಬಳಗ ಇವುಗಳಿಗೆ ಕಾರ್ಬನ್ ಡಾಟ್ ಎಂಬ ಹೆಸರು ಕೊಟ್ಟಿತು. ನೇರಳಾತೀತ ಕಿರಣವನ್ನು ಹೀರಿಕೊಂಡು, ಅದರ ಶಕ್ತಿಯಲ್ಲಿ ಒಂದಷ್ಟನ್ನು ಕಳೆದುಕೊಂಡು, ಉಳಿದುದನ್ನು ಕೆಲವೇ ನ್ಯಾನೋಸೆಕೆಂಡುಗಳಲ್ಲಿ ಕಣ್ಣಿಗೆ ಕಾಣುವ ಬೆಳಕಾಗಿ ಹೊರಸೂಸುವ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. 2009ರಲ್ಲಿ ನಿಖಿಲ್ ಜಾನಾ ಅವರಿದ್ದ ಸಂಶೋಧಕರ ಗುಂಪು ಮಸಿಯನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ 2ರಿಂದ 6 ನ್ಯಾನೋಮೀಟರ್ ಗಾತ್ರದ, ನೀರಿನಲ್ಲಿ ಕರಗುವ, ಹಸಿರಾಗಿ ಹೊಳೆಯುವ ಕಣಗಳನ್ನು ಪಡೆಯಿತು. ಮಸಿಗೆ ಇಲ್ಲದ ಹೊಳಪು ಈ ಕಣಗಳಿಗೆ ಬಂದದ್ದಕ್ಕೆ ಆಮ್ಲದಿಂದ ಅವುಗಳೊಳಗೆ ಸೇರಿದ ಸಾರಜನಕ ಮತ್ತು ಆಮ್ಲಜನಕಗಳೇ ಕಾರಣವೆಂದು ಗುಂಪು ಹೇಳಿತು. ಇಂಗಾಲದ ಜಾಲದಲ್ಲಿ ಸಾರಜನಕ, ಗಂಧಕ, ರಂಜಕ, ಬೋರಾನ್‌ಗಳಂತಹ ಅನ್ಯ ಪರಮಾಣುಗಳನ್ನು ಬೇಕೆಂದೇ ಸೇರಿಸುವುದಕ್ಕೆ ಡೋಪಿಂಗ್ ಎನ್ನುತ್ತಾರೆ. ಕಣದ ಬಣ್ಣವೂ ಹೊಳಪೂ ಯಾವ ಲೋಹಕ್ಕೆ ಅದು ಸ್ಪಂದಿಸುತ್ತದೆ ಎಂಬುದೂ ಇದರಿಂದ ಬದಲಾಗುತ್ತವೆ. 2009ರ ಆ ಕಣಗಳು ಹೀರಿದ ಬೆಳಕಿನಲ್ಲಿ ಮರಳಿ ಸೂಸಿದ್ದು ಸುಮಾರು ಶೇಕಡಾ 3 ಮಾತ್ರವಾದರೂ, ಜೀವಕೋಶಗಳ ಒಳಹೊಕ್ಕು ಅಲ್ಲಿ ಬೆಳಗುವುದಕ್ಕೆ ಅಷ್ಟು ಸಾಕಾಯಿತು. 2013ರಲ್ಲಿ ಜಾದವಪುರದ ಅದೇ ಸಂಸ್ಥೆಯಿಂದ, ಸಕ್ಕರೆಯ ಜಾತಿಗೆ ಸೇರಿದ ಕಾರ್ಬೊಹೈಡ್ರೇಟ್‌ಗಳನ್ನು ಕಾಯಿಸಿ ನೀಲಿಯಿಂದ ಕೆಂಪಿನವರೆಗೆ ಬೇಕಾದ ಬಣ್ಣದ ಕಣಗಳನ್ನು ತಯಾರಿಸುವ ವಿಧಾನ ಪ್ರಕಟವಾಯಿತು. ಕ್ಯಾಡ್ಮಿಯಂನಂತಹ ವಿಷಲೋಹವಿರುವ ಕ್ವಾಂಟಂ ಡಾಟ್ ಎಂಬ ಹಳೆಯ ಬಗೆಯ ಹೊಳೆಯುವ ಕಣಗಳಿಗೆ ಬದಲಾಗಿ ದೇಹದೊಳಗೆ ಬಳಸಬಹುದಾದ ವಸ್ತುವನ್ನು ಹುಡುಕುವುದು ಈ ಎಲ್ಲ ಪ್ರಯತ್ನದ ಹಿಂದಿನ ಒಂದು ಮುಖ್ಯ ಆಶಯ.

ಇಲ್ಲಿ ಏಳುವ ಮೊದಲ ತಾತ್ತ್ವಿಕ ಪ್ರಶ್ನೆ, ಈ ಬೆಳಕು ಯಾರದು ಎಂಬುದು. ಗುಣಕ್ಕೆ ಧರ್ಮವೆಂದೂ ಗುಣವನ್ನು ಹೊತ್ತಿರುವ ವಸ್ತುವಿಗೆ ಧರ್ಮಿಯೆಂದೂ ಹೆಸರಿಡುವ ನೈಯಾಯಿಕರು, ಧರ್ಮವು ಧರ್ಮಿಯಲ್ಲಿ ಬೇರ್ಪಡಿಸಲಾಗದಂತೆ ನೆಲೆಸಿರುವ ಸಂಬಂಧವನ್ನು ಸಮವಾಯವೆಂದೂ, ಎರಡು ವಸ್ತುಗಳು ಬಂದು ತಾಗಿ ಮತ್ತೆ ಅಗಲಬಲ್ಲ ಸಂಬಂಧವನ್ನು ಸಂಯೋಗವೆಂದೂ ವಿಂಗಡಿಸುತ್ತಾರೆ. ಕಣದ ಬೆಳಕು ಕಣದಲ್ಲೇ ಸಮವೇತವಾಗಿದೆಯೋ, ಕಣಕ್ಕೆ ಬಂದು ಅಂಟಿದ ಇನ್ನಾವುದರದೋ ಎಂಬುದು ಬರಿಗಣ್ಣಿಗಾಗಲಿ ಉಪಕರಣಕ್ಕಾಗಲಿ ನೇರವಾಗಿ ತಿಳಿಯುವುದಿಲ್ಲ. ಅದನ್ನು ತಿಳಿಯಲು ಇರುವ ದಾರಿ ಒಂದಿದ್ದಾಗ ಇನ್ನೊಂದಿದೆಯೇ, ಒಂದಿಲ್ಲದಾಗ ಇನ್ನೊಂದಿಲ್ಲವೇ ಎಂದು ನೋಡುವ ಅನ್ವಯ ವ್ಯತಿರೇಕ ಪರೀಕ್ಷೆ. ಪ್ರಯೋಗಾಲಯದ ಭಾಷೆಯಲ್ಲಿ ಹೇಳುವುದಾದರೆ, ಶುದ್ಧೀಕರಿಸಿ ನೋಡುವುದು.

ಈ ಪರೀಕ್ಷೆಯ ಅತ್ಯಂತ ಪ್ರಸಿದ್ಧವಾದ ನಿದರ್ಶನ ಬೌಬಜಾರಿನದು. 1923ರಲ್ಲಿ ಸಿ. ವಿ. ರಾಮನ್ ಅವರ ಶಿಷ್ಯ ಕೆ. ಆರ್. ರಾಮನಾಥನ್ ನೀರು ಮೊದಲಾದ ದ್ರವಗಳಲ್ಲಿ ಬೆಳಕು ಚದರುವುದನ್ನು ಪರಿಶೀಲಿಸುತ್ತಿದ್ದಾಗ, ಚದರಿದ ಬೆಳಕಿನ ಜೊತೆಗೆ ಬಣ್ಣ ಬದಲಿಸಿದ ಒಂದು ಕ್ಷೀಣವಾದ ಬೆಳಕೂ ಕಾಣಿಸಿತು. ಅದು ದ್ರವದಲ್ಲಿ ಉಳಿದ ಕಲ್ಮಷದ ಪ್ರತಿದೀಪ್ತಿಯಿರಬೇಕೆಂದು ಬಗೆದು ದ್ರವವನ್ನು ಮತ್ತೆ ಮತ್ತೆ ಬಟ್ಟಿ ಇಳಿಸಿದರು. ಕಲ್ಮಷ ಹೋದರೂ ಬೆಳಕು ಹೋಗಲಿಲ್ಲ. 1928ರ ಜನವರಿಯಲ್ಲಿ ಎಸ್. ವೆಂಕಟೇಶ್ವರನ್ ಶುದ್ಧ ಗ್ಲಿಸರಿನ್‌ನಲ್ಲಿ ಹಸಿರು ಛಾಯೆಯ ಅಂತಹುದೇ ಬೆಳಕನ್ನು ಕಂಡಾಗ, ಅದು ಪ್ರಬಲವಾಗಿ ಧ್ರುವೀಕರಣಗೊಂಡಿತ್ತು, ಎಂದರೆ ಅದರ ಕಂಪನವು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿತ್ತು. ಸಾಧಾರಣ ಪ್ರತಿದೀಪ್ತಿಯಲ್ಲಿ ಕಾಣದ ಲಕ್ಷಣವಿದು. ರಾಮನ್ ಅವರು ಕೆ. ಎಸ್. ಕೃಷ್ಣನ್ ಅವರೊಡನೆ ಫೆಬ್ರವರಿಯಲ್ಲಿ ನಡೆಸಿದ ಪ್ರಯೋಗಗಳ ಕೊನೆಗೆ, 28ರಂದು, ಆ ಬೆಳಕು ಕಲ್ಮಷದ್ದಲ್ಲ, ದ್ರವದ ಅಣುಗಳದ್ದೇ ಎಂಬುದು ಸ್ಥಿರವಾಯಿತು. ಸಂಯೋಗವೆಂದು ತಿಳಿದಿದ್ದದ್ದು ಸಮವಾಯವೆಂದು ಸಿದ್ಧವಾಯಿತು.

ಇಂಗಾಲದ ಕಣಗಳ ಕಥೆಯಲ್ಲಿ ಅದೇ ಪರೀಕ್ಷೆ ತಿರುವುಮುರುವಾದ ಫಲ ಕೊಟ್ಟಿದೆ. 2013ರಲ್ಲಿ ಚೀನಾದ ಜಿಲಿನ್ ವಿಶ್ವವಿದ್ಯಾಲಯದ ಬಳಗವೊಂದು ಸಿಟ್ರಿಕ್ ಆಮ್ಲ ಮತ್ತು ಎಥಿಲಿನ್‌ಡೈಅಮೀನ್‌ಗಳನ್ನು ನೀರಿನಲ್ಲಿ ಒತ್ತಡದಡಿ ಕಾಯಿಸಿ, ಹೀರಿದ ಬೆಳಕಿನಲ್ಲಿ ಸುಮಾರು ಶೇಕಡಾ 80ನ್ನು ಮರಳಿ ಸೂಸುವ ನೀಲಿ ಕಣಗಳನ್ನು ತಯಾರಿಸಿತು. ಜಗತ್ತಿನ ನೂರಾರು ಪ್ರಯೋಗಾಲಯಗಳು ಆ ಪಾಕವನ್ನು ಅನುಸರಿಸಿದವು. 2015ರಲ್ಲಿ ಅದೇ ಪ್ರಯೋಗಾಲಯದ ಬಳಗ ತನ್ನ ಉತ್ಪನ್ನವನ್ನು ಅಂಶ ಅಂಶವಾಗಿ ಬೇರ್ಪಡಿಸಿ ನೋಡಿ, ಆ ಉಜ್ವಲ ನೀಲಿಯ ಬಹುಪಾಲು ಕಣದ ಇಂಗಾಲದ ತಿರುಳಿನದಲ್ಲವೆಂದೂ, ಪಾಕದಲ್ಲೇ ಹುಟ್ಟಿ ಕೆಲವೊಮ್ಮೆ ಕಣಕ್ಕೆ ಅಂಟಿಕೊಂಡು ಕೆಲವೊಮ್ಮೆ ಬಿಡಿಯಾಗಿ ಉಳಿಯುವ ಒಂದು ಚಿಕ್ಕ ಸಾವಯವ ಅಣುವಿನದೆಂದೂ ತೋರಿಸಿತು. ಸಾರಜನಕ ಸೇರಿದ್ದರಿಂದ ಕಣ ಹೊಳೆಯಿತು ಎಂಬ ಮಾತು ಸುಳ್ಳಾಗಲಿಲ್ಲ. ಆದರೆ ಸಾರಜನಕ ಎಲ್ಲಿ ಸೇರಿತು, ಕಣದ ಜಾಲದೊಳಗೋ ಪಕ್ಕದ ಅಣುವಿನೊಳಗೋ ಎಂಬುದು ಬೇರೆಯೇ ಮಾತಾಯಿತು. ತಮ್ಮ ಯಶಸ್ಸನ್ನು ತಾವೇ ಪರೀಕ್ಷೆಗೆ ಒಡ್ಡಿದ ಆ ಸಂಶೋಧಕರ ನಡೆ, ಈ ಕ್ಷೇತ್ರದಲ್ಲಿ ಪ್ರಕಟವಾಗುವ ಹೊಸ ಹೊಸ ಪಾಕಗಳಿಗಿಂತ ಹೆಚ್ಚು ಗೌರವಕ್ಕೆ ಅರ್ಹವಾದದ್ದು.

ಇನ್ನು ಬೆಳಕು ನಂದುವ ವಿಚಾರ. ಅಭಾವವನ್ನು ತಿಳಿಯುವುದು ಹೇಗೆ ಎಂಬುದಕ್ಕೆ ದರ್ಶನಗಳಲ್ಲಿ ಎರಡು ಮುಖ್ಯ ಉತ್ತರಗಳಿವೆ. ನೆಲದ ಮೇಲೆ ಗಡಿಗೆಯಿಲ್ಲ ಎಂಬ ಜ್ಞಾನ ಪ್ರತ್ಯಕ್ಷದಿಂದಾಗಲಿ ಅನುಮಾನದಿಂದಾಗಲಿ ಬರುವುದಲ್ಲ, ಗಡಿಗೆ ಕಾಣದಿರುವುದೇ ಒಂದು ಸ್ವತಂತ್ರ ಪ್ರಮಾಣ, ಅದರ ಹೆಸರು ಅನುಪಲಬ್ಧಿ ಎಂದು ಭಾಟ್ಟರೂ ಅದ್ವೈತಿಗಳೂ ಹೇಳುತ್ತಾರೆ. ನೆಲವನ್ನು ನೋಡುವ ಕಣ್ಣೇ ನೆಲದ ವಿಶೇಷಣವಾಗಿರುವ ಗಡಿಗೆಯ ಅಭಾವವನ್ನೂ ಗ್ರಹಿಸುತ್ತದೆ, ಬೇರೆ ಪ್ರಮಾಣ ಬೇಡ ಎಂಬುದು ನೈಯಾಯಿಕರ ನಿಲುವು. ಎರಡು ಪಕ್ಷಗಳೂ ಒಪ್ಪುವ ಒಂದು ನಿಬಂಧನೆ ಮಾತ್ರ ಇಲ್ಲಿ ಎಲ್ಲಕ್ಕಿಂತ ಮುಖ್ಯ: ಕಾಣದಿರುವುದು ಯೋಗ್ಯವಾಗಿರಬೇಕು. ಗಡಿಗೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂದು ಹೇಳಬಹುದಾದ ಸ್ಥಿತಿಯಲ್ಲಿ ಮಾತ್ರ ಅದು ಕಾಣದಿರುವುದು ಅಭಾವದ ಜ್ಞಾನವಾಗುತ್ತದೆ. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂಬುದರಿಂದ ಏನೂ ಸಿದ್ಧಿಸುವುದಿಲ್ಲ. ಇಂಗಾಲದ ಕಣಗಳ ಹೊಳಪು ಕುಂದಿದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ದೀಪ ಸರಿಯಾಗಿ ಉರಿಯುತ್ತಿತ್ತೇ, ಕಣಗಳು ಒಟ್ಟುಗೂಡಿ ತಳಕ್ಕೆ ಇಳಿದಿರಲಿಲ್ಲವೇ, ನೀರಿನ ಆಮ್ಲೀಯತೆ ಬದಲಾಗಿರಲಿಲ್ಲವೇ ಎಂಬುದನ್ನೆಲ್ಲ ಲೋಹ ಬೆರೆಸದ ನೀರಿನೊಂದಿಗೆ ಅಕ್ಕಪಕ್ಕ ಇಟ್ಟು ನೋಡದೆ ಹೊಳಪಿನ ಅಭಾವಕ್ಕೆ ಯೋಗ್ಯತೆ ಬರುವುದಿಲ್ಲ.

ಯೋಗ್ಯತೆ ಬಂದ ಮೇಲೂ ನಂದುವಿಕೆ ಒಂದೇ ಬಗೆಯದಲ್ಲ. ಕೆಲವೊಮ್ಮೆ ಲೋಹದ ಅಯಾನು ಕಣದೊಡನೆ ಮೊದಲೇ ಕೂಡಿಕೊಂಡು, ಹೊಳೆಯಲಾರದ ಜೋಡಿಯಾಗಿ ನಿಂತುಬಿಡುತ್ತದೆ. ಇದಕ್ಕೆ ಸ್ಥಾಯೀ ನಂದುವಿಕೆ ಎನ್ನಬಹುದು. ಕೆಲವೊಮ್ಮೆ ಕಣ ಬೆಳಕನ್ನು ಹೀರಿ ಉತ್ತೇಜಿತವಾಗಿರುವಾಗ ಅಯಾನು ಬಂದು ಡಿಕ್ಕಿ ಹೊಡೆದು ಆ ಶಕ್ತಿಯನ್ನು ಕಸಿದುಕೊಳ್ಳುತ್ತದೆ. ಇದು ಚಲನಶೀಲ ನಂದುವಿಕೆ. ನೈಯಾಯಿಕರು ಹುಟ್ಟುವುದಕ್ಕೆ ಮುಂಚಿನ ಇಲ್ಲದಿರುವಿಕೆಯನ್ನು ಪ್ರಾಗಭಾವವೆಂದೂ ನಾಶವಾದ ಮೇಲಿನದನ್ನು ಧ್ವಂಸಾಭಾವವೆಂದೂ ಬೇರ್ಪಡಿಸಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಭೌತಿಕ ನಿದರ್ಶನ ಸಿಗುವುದು ಕಷ್ಟ, ಏಕೆಂದರೆ ಮೊದಲನೆಯದರಲ್ಲಿ ಬೆಳಗಬಲ್ಲ ಉತ್ತೇಜಿತ ಸ್ಥಿತಿ ಹುಟ್ಟಲೇ ಇಲ್ಲ, ಎರಡನೆಯದರಲ್ಲಿ ಹುಟ್ಟಿ ಅಳಿಯಿತು. ಉತ್ತೇಜಿತ ಸ್ಥಿತಿಯ ಆಯುಷ್ಯವನ್ನು ಅಳೆದರೆ ವ್ಯತ್ಯಾಸ ತಿಳಿಯುತ್ತದೆ: ಚಲನಶೀಲ ನಂದುವಿಕೆಯಲ್ಲಿ ಆ ಆಯುಷ್ಯ ಕಡಿಮೆಯಾಗುತ್ತದೆ, ಸ್ಥಾಯಿಯಲ್ಲಿ ಬದಲಾಗದೆ ಉಳಿಯುತ್ತದೆ. ಮೂರನೆಯದೊಂದು ಬಗೆಯೂ ಇದೆ. ನೀರಿನಲ್ಲಿರುವ ಬಣ್ಣದ ವಸ್ತುವೊಂದು ಕಣವನ್ನು ಮುಟ್ಟದೆಯೇ, ಕಣಕ್ಕೆ ತಲುಪಬೇಕಾದ ಕಿರಣವನ್ನೋ ಕಣದಿಂದ ಹೊರಟ ಬೆಳಕನ್ನೋ ತಾನೇ ಹೀರಿಬಿಡುತ್ತದೆ. ಇಲ್ಲಿಯೂ ಆಯುಷ್ಯ ಬದಲಾಗುವುದಿಲ್ಲವಾದ್ದರಿಂದ ಇದನ್ನು ಸ್ಥಾಯೀ ನಂದುವಿಕೆಯೆಂದು ತಪ್ಪು ತಿಳಿಯುವುದು ಸುಲಭ. ಆ ವಸ್ತು ಯಾವ ಯಾವ ಬಣ್ಣವನ್ನು ಹೀರುತ್ತದೆ ಎಂಬ ರೋಹಿತವನ್ನು ಬೇರೆಯಾಗಿ ತೆಗೆದು ನೋಡಿದ ಹೊರತು ನಿರ್ಣಯವಾಗದು.

ತರ್ಕದ ದೃಷ್ಟಿಯಿಂದ ಈ ಮೂರನೆಯ ಬಗೆ ಉಪಾಧಿಯ ಒಂದು ರೂಪ. ಬೆಟ್ಟದಲ್ಲಿ ಹೊಗೆಯಿದ್ದರೆ ಬೆಂಕಿಯಿದೆ ಎಂಬ ಅನುಮಾನ ಸರಿ. ಬೆಂಕಿಯಿದ್ದರೆ ಹೊಗೆಯಿದೆ ಎಂಬ ಅನುಮಾನ ಸರಿಯಲ್ಲ, ಏಕೆಂದರೆ ಹೊಗೆ ಬರಲು ಹಸಿ ಸೌದೆಯೂ ಬೇಕು. ಈ ಹಸಿ ಸೌದೆಯಂತೆ, ಹೇತುವಿನೊಳಗೆ ನುಸುಳಿ ಅದನ್ನು ದುರ್ಬಲಗೊಳಿಸುವ ಮರೆಯಾದ ಷರತ್ತಿಗೆ ಉಪಾಧಿಯೆಂದು ಹೆಸರು. ಪಾದರಸವಿದ್ದರೆ ಹೊಳಪು ನಂದುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ತೋರಿಸಿ, ಹೊಳಪು ನಂದಿದರೆ ಪಾದರಸವಿದೆ ಎಂದು ಬಾವಿಯ ದಡದಲ್ಲಿ ತೀರ್ಮಾನಿಸುವುದು ಬೆಂಕಿಯಿಂದ ಹೊಗೆಯನ್ನು ಊಹಿಸಿದಷ್ಟೇ ದೋಷಪೂರಿತವಾದ ನಡೆ. ಬಂಗಾಳದ ನೆಲದಲ್ಲಿ ಈ ದೋಷ ಕಾಗದದ ಮೇಲಿನದಾಗಿ ಉಳಿಯುವುದಿಲ್ಲ. 1983ರಲ್ಲಿ ಕೋಲ್ಕತ್ತದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಡಾಕ್ಟರ್ ಕೆ. ಸಿ. ಸಾಹಾ ಹಳ್ಳಿಗರ ಚರ್ಮದ ಮೇಲಿನ ಕಲೆಗಳನ್ನು ನೋಡಿ ಅವು ಕೊಳವೆಬಾವಿ ನೀರಿನ ಆರ್ಸೆನಿಕ್‌ನಿಂದಾದವೆಂದು ಗುರುತಿಸಿದರು. ಗಂಗೆಯ ಮುಖಜ ಭೂಮಿಯ ಕೆಸರಿನಲ್ಲಿ ಕಬ್ಬಿಣದ ಆಕ್ಸೈಡಿಗೆ ಅಂಟಿಕೊಂಡಿರುವ ಆರ್ಸೆನಿಕ್, ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಆ ಆಕ್ಸೈಡು ಕರಗಿದಾಗ ಕಬ್ಬಿಣದ ಜೊತೆಗೇ ನೀರಿಗೆ ಇಳಿಯುತ್ತದೆ. ಹೀಗೆ ಮೇಲೆತ್ತಿದ ನೀರು ಗಾಳಿಗೆ ತಾಗಿದಾಗ ಅದರ ಕಬ್ಬಿಣ, ಇಂಗಾಲದ ಕಣಗಳ ಹೊಳಪನ್ನು ಅತಿ ಸುಲಭವಾಗಿ ನಂದಿಸುವ ರೂಪಕ್ಕೆ ತಿರುಗುತ್ತದೆ. ವಿಷವೂ ಉಪಾಧಿಯೂ ಒಂದೇ ಬಾವಿಯಿಂದ ಬರುವ ಕಡೆ, ಹೊಳಪು ನಂದಿತು ಎಂಬ ಒಂದೇ ಮಾತಿನ ಮೇಲೆ ಯಾರೂ ನೀರಿನ ಬಗ್ಗೆ ತೀರ್ಪು ಕೊಡಕೂಡದು.

ಅಭಾವದ ಅಭಾವ ಎಂಬ ವಿಷಯದಲ್ಲಿ ಬಂಗಾಳದ ನೈಯಾಯಿಕರ ಸೂಕ್ಷ್ಮತೆ ಇನ್ನೂ ಹೆಚ್ಚು ಉಪಯುಕ್ತವಾಗಿದೆ. ಗಡಿಗೆಯ ಅಭಾವದ ಅಭಾವವೆಂದರೆ ಗಡಿಗೆಯೇ ಎಂಬುದು ಹಳೆಯ ನೈಯಾಯಿಕರ ಮತ. ಹದಿನಾರನೆಯ ಶತಮಾನದ ಆರಂಭದಲ್ಲಿ ನವದ್ವೀಪದಲ್ಲಿದ್ದ ರಘುನಾಥ ಶಿರೋಮಣಿ ಅದನ್ನು ಒಪ್ಪಲಿಲ್ಲ; ಅಭಾವದ ಅಭಾವವು ಭಾವವಸ್ತುವಿನಿಂದ ಬೇರೆಯಾದ ಇನ್ನೊಂದು ಅಭಾವವೇ ಎಂದು ಅವನು ವಾದಿಸಿದ. ಕೋಲ್ಕತ್ತದ ಸಂಸ್ಕೃತ ಕಾಲೇಜಿನಲ್ಲಿ ಪಾಠ ಹೇಳಿ ಆಮೇಲೆ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾದ ಬಿಮಲ್ ಕೃಷ್ಣ ಮತಿಲಾಲ್, ನವ್ಯನ್ಯಾಯದ ಅಭಾವ ಸಿದ್ಧಾಂತವನ್ನು ಕುರಿತ ತಮ್ಮ 1968ರ ಗ್ರಂಥದಿಂದ ಈ ಇಡೀ ಚರ್ಚೆಯನ್ನು ಜಗತ್ತಿನ ತತ್ತ್ವಜ್ಞರ ಮುಂದಿಟ್ಟರು. ಇಂದು ನಂದಿಸಿ ಹೊತ್ತಿಸುವ ಬಗೆಯ ಸಂವೇದಕಗಳು ಬಹಳವಾಗಿ ತಯಾರಾಗುತ್ತಿವೆ. ಪಾದರಸ ಬೆರೆಸಿ ಹೊಳಪನ್ನು ಮೊದಲು ನಂದಿಸಿ, ಆಮೇಲೆ ಗಂಧಕವುಳ್ಳ ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಹಾಕಿದರೆ ಅದು ಪಾದರಸವನ್ನು ತನ್ನತ್ತ ಎಳೆದುಕೊಂಡು ಕಣವನ್ನು ಬಿಡಿಸುತ್ತದೆ, ಹೊಳಪು ಮರಳುತ್ತದೆ. ಹೊಳಪು ಮರಳಿದ್ದರಿಂದ ಸಿಸ್ಟೀನ್ ಇದೆಯೆಂದು ತಿಳಿಯುತ್ತಾರೆ. ಹಳೆಯ ಮತದಂತೆ ನೋಡಿದರೆ ನಂದುವಿಕೆ ಇಲ್ಲವಾಯಿತು, ಆದ್ದರಿಂದ ಮೊದಲಿನ ಸ್ಥಿತಿಯೇ ಮರಳಿತು. ಆದರೆ ಪಾದರಸ ಎಲ್ಲಿಗೂ ಹೋಗಿಲ್ಲ, ಅದೇ ನೀರಿನಲ್ಲಿ ಬೇರೊಂದು ಸಂಬಂಧದಲ್ಲಿ ಉಳಿದಿದೆ. ಮರಳಿದ ಹೊಳಪು ಮೊದಲಿನ ಮಟ್ಟವನ್ನು ಮುಟ್ಟದೆ ಹೋಗುವುದೂ ಉಂಟು. ಸಿದ್ಧವಾದದ್ದು ನಂದುವಿಕೆಯ ಅಭಾವವೇ ಹೊರತು ಪಾದರಸದ ಅಭಾವವಲ್ಲ. ಐನೂರು ವರ್ಷಗಳ ಹಿಂದೆ ರಘುನಾಥ ಹಿಡಿದ ಪಕ್ಷವೇ ಇಲ್ಲಿ ಸತ್ಯಕ್ಕೆ ಹತ್ತಿರವಾಗಿದೆ.

ಜೀವಕೋಶಗಳ ಚಿತ್ರಣದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸೂಕ್ಷ್ಮದರ್ಶಕದಲ್ಲಿ ಪ್ರತ್ಯಕ್ಷವಾಗುವುದು ಕಣದ ಬೆಳಕು; ಕೋಶದ ಯಾವ ಭಾಗದಲ್ಲಿ ಅದಿದೆ, ಯಾವ ದಾರಿಯಿಂದ ಒಳಹೊಕ್ಕಿತು ಎಂಬುದು ಆ ಪ್ರತ್ಯಕ್ಷದ ಮೇಲೆ ನಿಂತ ಅನುಮಾನ. ನೇರಳಾತೀತ ಕಿರಣ ಬಿದ್ದಾಗ ಕೋಶದೊಳಗಿನ ಸಹಜ ಅಣುಗಳೂ ನೀಲಿ ಹಸಿರಾಗಿ ಹೊಳೆಯುವುದರಿಂದ ಯಾರ ಬೆಳಕು ಎಂಬ ಹಿಂದಿನ ಪ್ರಶ್ನೆಯೇ ಇಲ್ಲಿಯೂ ಬರುತ್ತದೆ, ಕೆಂಪಾಗಿ ಹೊಳೆಯುವ ಕಣಗಳಿಗೆ ಬೇಡಿಕೆ ಹೆಚ್ಚಿರುವುದಕ್ಕೆ ಅದೂ ಒಂದು ಕಾರಣ.

ಇಷ್ಟೆಲ್ಲದರ ಹಿಂದೆ ಇರುವ ದೊಡ್ಡ ಪ್ರಶ್ನೆ ಜ್ಞಾನದ ಪ್ರಾಮಾಣ್ಯದ್ದು, ಅಂದರೆ ಹುಟ್ಟಿದ ಜ್ಞಾನ ಸತ್ಯವೆಂಬುದು ತಿಳಿಯುವುದು ಹೇಗೆಂಬುದು. ನ್ಯಾಯದರ್ಶನದ ಪ್ರಕಾರ ಅದು ಪರತಃ, ಬೇರೊಂದರಿಂದ ತಿಳಿಯತಕ್ಕದ್ದು. ಆ ಬೇರೊಂದು ಎಂದರೆ ಸಫಲವಾದ ಪ್ರವೃತ್ತಿ. ದೂರದಲ್ಲಿ ನೀರು ಕಂಡವನು ಹೋಗಿ ಕುಡಿದು ಬಾಯಾರಿಕೆ ತೀರಿದರೆ ನೀರೆಂಬ ಜ್ಞಾನ ಪ್ರಮೆ, ತೀರದಿದ್ದರೆ ಅದು ಬಿಸಿಲ್ಗುದುರೆ. ರಘುನಾಥನಿಗೆ ಸರಿಸುಮಾರು ಸಮಕಾಲೀನರಾಗಿ ವಿಜಯನಗರದಲ್ಲಿದ್ದ ವ್ಯಾಸತೀರ್ಥರು, ಗಂಗೇಶನ ನವ್ಯನ್ಯಾಯವನ್ನು ತರ್ಕತಾಂಡವದಲ್ಲಿ ವಿಮರ್ಶಿಸುತ್ತ ಪ್ರಾಮಾಣ್ಯವು ಸ್ವತಃ ಎಂಬ ಮಾಧ್ವ ನಿಲುವನ್ನು ಸಮರ್ಥಿಸಿದರು: ಜ್ಞಾನದ ಸತ್ಯವನ್ನು ಒಳಗಿನ ಸಾಕ್ಷಿಯೇ ನಿಶ್ಚಯಿಸುತ್ತದೆ, ಸಂಶಯ ಅಡ್ಡಬಂದಲ್ಲಿ ಮಾತ್ರ ಪರೀಕ್ಷೆ ಬೇಕು, ಪರೀಕ್ಷೆಯ ಕೆಲಸ ಆ ಅಡ್ಡಿಯನ್ನು ತೆಗೆಯುವುದು. ಅವರ ನ್ಯಾಯಾಮೃತಕ್ಕೆ ಅದ್ವೈತಸಿದ್ಧಿಯ ಮೂಲಕ ಉತ್ತರ ಕೊಟ್ಟ ಮಧುಸೂದನ ಸರಸ್ವತಿ ಬಂಗಾಳದವರೆಂಬುದನ್ನು ನೆನೆದರೆ, ಕರ್ನಾಟಕವೂ ಬಂಗಾಳವೂ ಈ ವಿಷಯದಲ್ಲಿ ಎಷ್ಟು ಕಾಲದಿಂದ ಮಾತಾಡಿಕೊಂಡಿವೆ ಎಂಬುದು ಮನವರಿಕೆಯಾಗುತ್ತದೆ.

ಆರ್ಸೆನಿಕ್ ಬೆರೆತ ನೀರು ಈ ಎರಡು ನಿಲುವುಗಳನ್ನೂ ಕಠಿಣವಾದ ಪರೀಕ್ಷೆಗೆ ಒಡ್ಡುತ್ತದೆ. ಆ ನೀರಿಗೆ ಬಣ್ಣ, ವಾಸನೆ, ರುಚಿಗಳಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಕುಡಿದವನ ಬಾಯಾರಿಕೆ ತೀರುತ್ತದೆ, ಪ್ರವೃತ್ತಿ ಸಫಲವಾಗುತ್ತದೆ, ಆದರೂ ಇದು ಕುಡಿಯಬಹುದಾದ ನೀರು ಎಂಬ ಜ್ಞಾನ ಸುಳ್ಳು. ಆ ಸುಳ್ಳು ವರ್ಷಗಳು ಕಳೆದ ಮೇಲೆ ಚರ್ಮದ ಮೇಲೆ ತೋರಿಕೊಳ್ಳುತ್ತದೆ. ಒಳಗಿನ ಸಾಕ್ಷಿಗೆ ಸಂಶಯವೇ ಹುಟ್ಟದ ಕಾರಣ ಪರೀಕ್ಷೆಯೂ ನಡೆಯುವುದಿಲ್ಲ. ಲೀಟರಿಗೆ 10 ಮೈಕ್ರೊಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲು, ಎಂದು ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಮನುಷ್ಯನ ಯಾವ ಇಂದ್ರಿಯಕ್ಕೂ ಎಟುಕುವಂಥದ್ದಲ್ಲ. ಆದ್ದರಿಂದ ಪ್ರವೃತ್ತಿಗೆ ಮುಂಚೆಯೇ ಪರೀಕ್ಷೆ ನಡೆಯಬೇಕು, ಸಂಶಯ ಬಾರದಿದ್ದರೂ ನಡೆಯಬೇಕು, ಆ ಪರೀಕ್ಷೆಯ ಸಾಧನವೂ ತನಗಿಂತ ಭಿನ್ನವಾದ ತತ್ತ್ವದ ಮೇಲೆ ನಿಂತ ಇನ್ನೊಂದು ಸಾಧನದಿಂದ ಪರೀಕ್ಷಿತವಾಗಬೇಕು. ಹೊಳೆಯುವ ಕಣ ಕೊಟ್ಟ ಅಳತೆಯನ್ನು ಪರಮಾಣುಗಳ ಹೀರಿಕೆಯನ್ನು ಅಳೆಯುವ ಯಂತ್ರದೊಂದಿಗೆ ಹೋಲಿಸಿ ನೋಡುವುದು ಕೇವಲ ಪ್ರಯೋಗಾಲಯದ ಶಿಷ್ಟಾಚಾರವಲ್ಲ. ಕುಡಿಯುವವರು ಬೇರೆ, ಅಳೆಯುವವರು ಬೇರೆ ಆಗಿರುವಲ್ಲಿ ಅದು ಧರ್ಮದ ವಿಷಯ.

ಕನ್ನಡನಾಡಿಗೂ ಇದು ದೂರದ ಮಾತಲ್ಲ. ಹಟ್ಟಿ ಚಿನ್ನದ ಗಣಿಯ ಸೀಮೆಯಲ್ಲಿ, ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಂತಹ ಕಡೆಗಳಲ್ಲಿ, ಅಂತರ್ಜಲದ ಆರ್ಸೆನಿಕ್ ಜನರನ್ನು ಕಾಡಿದೆ. ಬೌಬಜಾರಿನ ಸಂಸ್ಥೆ ಹುಟ್ಟಿದ 1876ರಲ್ಲೇ ಸ್ಥಾಪನೆಯಾದ ಮೈಸೂರಿನ ಮಹಾರಾಜ ಸಂಸ್ಕೃತ ಕಾಲೇಜಿನಲ್ಲಿ ನ್ಯಾಯ ಮತ್ತು ವೇದಾಂತಗಳ ಪಾಠ ಇಂದಿಗೂ ನಡೆಯುತ್ತದೆ. ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪಾಠವೂ ನಡೆಯುತ್ತದೆ. ಅನುಪಲಬ್ಧಿಯ ಪ್ರಕರಣವನ್ನು ಓದುವ ವಿದ್ಯಾರ್ಥಿಗಳೂ ಪ್ರತಿದೀಪ್ತಿಯನ್ನು ಅಳೆಯುವ ವಿದ್ಯಾರ್ಥಿಗಳೂ ಒಂದು ಬಾವಿಯ ನೀರನ್ನು ಮುಂದಿಟ್ಟುಕೊಂಡು ಒಟ್ಟಿಗೆ ಕುಳಿತು ವಿಚಾರ ಮಾಡುವ ಏರ್ಪಾಡನ್ನು ಅಲ್ಲಿನ ಅಧ್ಯಾಪಕರು ಮಾಡಬೇಕು.